ತಪ್ಪು ಹುಡುಗಿಯದಲ್ಲ, ಕಾಗದದ್ದು!

ಹೊಲಿಗೆ ಕಲಿಯಲು ಹೊರಟ ಹುಡುಗಿ ಮೂರನೇ ವಾರಕ್ಕೇ ಕತ್ತರಿ ಕೆಳಗಿಟ್ಟರೆ ಹೇಳಲು ನಮ್ಮ ಕಡೆ ಎರಡು ಮಾತು ಯಾವಾಗಲೂ ಸಿದ್ಧವಾಗಿರುತ್ತವೆ. ಒಂದು, "ಅದಕ್ಕೆ ತಲೆ ಓಡಲ್ಲ". ಇನ್ನೊಂದು, "ಅದರ ಕೈಯಲ್ಲಿ ಕೆಲಸ ನಿಲ್ಲಲ್ಲ". ಹಿಂದೂಪುರದಲ್ಲಿ ಕೇಳಿದ್ದೂ ಇದೇ, ಕಲ್ಯಾಣದುರ್ಗದಲ್ಲಿ ಕೇಳಿದ್ದೂ ಇದೇ. ಮನೆಯವರು ಹೇಳುತ್ತಾರೆ, ಹೊಲಿಗೆ ಹೇಳಿಕೊಡುವವರು ಹೇಳುತ್ತಾರೆ, ಕೊನೆಗೆ ಆ ಹುಡುಗಿಯೂ ನಂಬಿಬಿಡುತ್ತಾಳೆ. ಅವಳ ಮುಂದೆ ಹರಡಿದ್ದ ಕಾಗದ ಮಾತ್ರ ಯಾರ ಬೈಗುಳಕ್ಕೂ ಸಿಗದೆ ಪಾರಾಗುತ್ತದೆ. ಇವತ್ತು ನಾನು ಬೈಯಲು ಕೂತಿರುವುದು ಆ ಕಾಗದವನ್ನೇ.

ಯಾವ ಕಾಗದ ಅಂತೀರಾ? ಗುಂಡಿ, ಹುಕ್ಕು, ದಾರ, ಲೇಸು ಮಾರುವ ಅಂಗಡಿಗಳಲ್ಲಿ 'ಪೇಪರ್ ಕಟಿಂಗ್' ಎಂದು ಒಂದು ಪೊಟ್ಟಣ ಸಿಗುತ್ತದೆ. ಮೇಲೆ ಚೆಂದದ ರವಿಕೆ ತೊಟ್ಟ ಹೆಣ್ಣಿನ ಬಣ್ಣದ ಚಿತ್ರ. ಪಕ್ಕದಲ್ಲಿ 34, 36, 38 ಎಂದು ಒಂದು ನಂಬರು. ಕೆಳಗೆ 'ಕಟೋರಿ', 'ಪ್ರಿನ್ಸೆಸ್ ಕಟ್' ಎಂದು ಒಂದು ಹೆಸರು. ಒಳಗೆ ಮಡಿಸಿಟ್ಟ ಐದಾರು ಕಾಗದದ ತುಂಡುಗಳು. ಒಂದರ ಮೇಲೆ ಒಂದು ಬಾಣ, ಇನ್ನೊಂದರ ಮೇಲೆ ಇಂಗ್ಲಿಷಿನ ಒಂದು ಅಕ್ಷರ, ಮತ್ತೊಂದರ ಅಂಚಿನಲ್ಲಿ ಸಣ್ಣ ತ್ರಿಕೋನ. ಅಷ್ಟೇ. ಇದನ್ನು ಬಟ್ಟೆಯ ಮೇಲಿಟ್ಟು ಗೆರೆ ಎಳೆದು ಕತ್ತರಿಸಿದರೆ ರವಿಕೆಯಾಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಹೊಸದಾಗಿ ಕಲಿಯುವವರಿಗೆ ಬಹಳ ಸುಲಭ ಎಂದು ಬೇರೆ ಹೇಳುತ್ತಾರೆ!

ಸುಲಭ ಯಾರಿಗೆ? ಇಪ್ಪತ್ತು ವರ್ಷ ಹೊಲಿದವರಿಗೆ ಸುಲಭ. ಆದರೆ ಇಪ್ಪತ್ತು ವರ್ಷ ಹೊಲಿದವರು ಈ ಪೊಟ್ಟಣ ಕೊಳ್ಳುವುದಿಲ್ಲ, ಅವರಿಗೆ ಟೇಪೊಂದು ಸಾಕು. ಕೊಳ್ಳುವವಳು ಗೊತ್ತಿಲ್ಲದವಳು. ಬರೆದಿರುವುದು ಗೊತ್ತಿದ್ದವರಿಗೆ. ಅಂದರೆ ಉತ್ತರ ಮಾತ್ರ ಇದ್ದು ಲೆಕ್ಕ ಬಿಡಿಸುವ ಕ್ರಮವೇ ಇಲ್ಲದ ಗೈಡನ್ನು ಗಣಿತದಲ್ಲಿ ಹಿಂದುಳಿದ ಮಗುವಿನ ಕೈಗೆ ಕೊಟ್ಟ ಹಾಗಾಯಿತು. ಮಗು ಫೇಲಾದರೆ ಗೈಡು ಬರೆದವನನ್ನು ಯಾರೂ ಕೇಳುವುದಿಲ್ಲ, ಅಲ್ಲವೇ?

ಈ ಪೊಟ್ಟಣ ಹೇಳದೆ ಬಿಡುವ ಸಂಗತಿಗಳು ಏನೇನು ಎಂದು ಒಂದೊಂದಾಗಿ ನೋಡೋಣ. ನಾನು ಹೊಲಿಗೆಯಲ್ಲಿ ಪಂಡಿತಳಲ್ಲ. ಆದರೆ ಕಲಿಯುವವರಿಗೆ ಏನು ಹೇಳಬೇಕು, ಏನು ಬಿಟ್ಟರೆ ಅವರು ಎಡವುತ್ತಾರೆ ಎಂದು ತಿಳಿಯುವುದು ನನ್ನ ಕಸುಬು.

ಮೊದಲನೆಯದು ಆ ನಂಬರು. 36 ಎಂದರೆ ಏನು? ಮೈಯ ಎದೆ ಸುತ್ತಿನ ಅಳತೆಯೇ, ಇಲ್ಲಾ ಹೊಲಿದು ಮುಗಿದ ರವಿಕೆಯ ಅಳತೆಯೇ? ಎರಡೂ ಒಂದೇ ಅಲ್ಲ. ಉಸಿರಾಡಲು, ಕೈ ಎತ್ತಲು ಒಂದಿಷ್ಟು ಸಡಿಲ ಬೇಕು. ಆ ಸಡಿಲ ಕಾಗದದಲ್ಲಿ ಸೇರಿದೆಯೋ ಇಲ್ಲವೋ ಎಂದು ಒಂದು ಸಾಲು ಬರೆಯಬಹುದಿತ್ತು. ಬರೆದಿರುವುದಿಲ್ಲ.

ಎರಡನೆಯದು ಹೊಲಿಗೆಗೆ ಬಿಡುವ ಬಟ್ಟೆ. ಟೈಲರುಗಳ ಮಾತಿನಲ್ಲಿ ಮಾರ್ಜಿನ್. ಕಾಗದದ ಅಂಚಿಗೇ ಕತ್ತರಿಸಬೇಕೋ, ಅರ್ಧ ಇಂಚು ಹೊರಗೆ ಬಿಟ್ಟು ಕತ್ತರಿಸಬೇಕೋ? ಇದೇನು ದೊಡ್ಡ ವಿಷಯ ಎನ್ನಬೇಡಿ. ಲೆಕ್ಕ ಹಾಕಿ ನೋಡಿ. ರವಿಕೆಗೆ ಪಕ್ಕದ ಹೊಲಿಗೆ ಎರಡು. ಒಂದೊಂದು ಹೊಲಿಗೆಯಲ್ಲಿ ಎರಡು ಪದರ ಬಟ್ಟೆ. ಒಟ್ಟು ನಾಲ್ಕು ಪದರ. ಒಂದೊಂದರಲ್ಲಿ ಅರ್ಧ ಇಂಚು ಒಳಗೆ ಹೋದರೆ ಎರಡು ಇಂಚು ಹೋಯಿತು! 36ರ ಕಾಗದದಲ್ಲಿ ಕತ್ತರಿಸಿದ್ದು 34 ಆಗಿ ಕೂರುತ್ತದೆ. ಮಾರ್ಜಿನ್ ಮೊದಲೇ ಸೇರಿದ್ದ ಕಾಗದಕ್ಕೆ ಇವಳು ಮತ್ತೆ ಅರ್ಧ ಇಂಚು ಸೇರಿಸಿದಳೋ, 38 ಆಗಿ ಜೋತುಬೀಳುತ್ತದೆ. ಹೇಳದೆ ಬಿಟ್ಟ ಒಂದೇ ಒಂದು ವಾಕ್ಯದ ಬೆಲೆ ಆ ಕಡೆ ಎರಡು ಇಂಚು, ಈ ಕಡೆ ಎರಡು ಇಂಚು. ಎರಡು ಇಂಚು ಎಂದರೆ ಪೂರಾ ಒಂದು ಸೈಜು.

ಮೂರನೆಯದು ಬಾಣ. ಇದರ ಮೇಲೆ ಒಂದು ಕಥೆಯೇ ಇದೆ, ಆಮೇಲೆ ಹೇಳುತ್ತೇನೆ.

ನಾಲ್ಕನೆಯದು, ಯಾವ ತುಂಡನ್ನು ಎಷ್ಟು ಸಲ ಕತ್ತರಿಸಬೇಕು ಎನ್ನುವುದು. ಪೊಟ್ಟಣದಲ್ಲಿ ತೋಳಿನ ಕಾಗದ ಒಂದೇ ಇರುತ್ತದೆ. ಮನುಷ್ಯರಿಗೆ ತೋಳು ಎರಡು. ತೋಳಿನ ಮುಂಭಾಗದ ಬಾಗು ಹಿಂಭಾಗಕ್ಕಿಂತ ಹೆಚ್ಚು ಆಳ. ಒಂದೇ ಪದರ ಬಟ್ಟೆ ಹಾಸಿ, ಕಾಗದವನ್ನು ಮಗುಚದೆ ಎರಡು ಸಲ ಇಟ್ಟು ಕತ್ತರಿಸಿದರೆ ಎರಡೂ ಬಲಗೈ ತೋಳುಗಳೇ ಆಗುತ್ತವೆ. ಕನ್ನಡಿಯಲ್ಲಿ ಕಾಣುವ ಬಿಂಬದ ಹಾಗೆ ಎರಡನೆಯದು ತಿರುವಿ ಬರಬೇಕು. ನಾವು ಶಾಲೆಯಲ್ಲಿ ಸಮ್ಮಿತಿ ಎಂದು ಕಲಿಸುವುದು ಇದನ್ನೇ. 'ಬಟ್ಟೆ ಮಡಿಸಿ, ಎರಡು ಪದರ ಸೇರಿಸಿ ಕತ್ತರಿಸಿ' ಎಂದು ಕಾಗದದ ಮೇಲೆ ಆರೇ ಪದ ಬರೆದರೆ ಸಾಕು.

ಐದನೆಯದು ಆ ಸಣ್ಣ ತ್ರಿಕೋನಗಳು. ಇದರ ತ್ರಿಕೋನ ಅದರ ತ್ರಿಕೋನಕ್ಕೆ ಕೂಡಬೇಕು, ಆಗ ತೋಳು ಹಿಂದುಮುಂದಾಗದೆ ಕೂರುತ್ತದೆ ಎನ್ನುವುದು ಅದರ ಅರ್ಥ. ಗೊತ್ತಿಲ್ಲದವಳು ಕಾಗದ ಹರಿದಿದೆ ಎಂದುಕೊಂಡು ನೇರ ಗೆರೆ ಎಳೆದುಬಿಡುತ್ತಾಳೆ. ಅವಳನ್ನು ಹೇಗೆ ಬೈಯುವುದು?

ಆರನೆಯದು ಕ್ರಮ. ಮೊದಲು ಟಕ್ಸ್ ಹಿಡಿಯಬೇಕೋ, ಭುಜ ಕೂಡಿಸಬೇಕೋ? ಹುಕ್ಕಿನ ಪಟ್ಟಿ ಯಾವಾಗ? ಅಸ್ತರಿನ ಬಟ್ಟೆಯನ್ನು ಮೊದಲು ನೀರಲ್ಲಿ ನೆನೆಸಿ ಒಣಗಿಸಬೇಕೋ ಬೇಡವೋ? ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೇ ಅಸ್ತರು ಕುಗ್ಗಿ ರವಿಕೆ ಸುಕ್ಕುಸುಕ್ಕಾಗುತ್ತದೆ. ಬಟ್ಟೆಯ ಪನ್ನ ಎಷ್ಟಿದ್ದರೆ ಎಷ್ಟು ಮೀಟರು ಬೇಕು? ಒಂದಕ್ಕೂ ಉತ್ತರವಿಲ್ಲ.

ಈಗ ಬಾಣದ ಕಥೆ. ನಮ್ಮ ಶಾಲೆಯಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿ, ಮದುವೆಯಾಗಿ ಕಲ್ಯಾಣದುರ್ಗದ ಕಡೆ ಸೇರಿದ ಹುಡುಗಿಯೊಬ್ಬಳು ತವರಿಗೆ ಬಂದಾಗ ಇಂಥದೇ ಪೊಟ್ಟಣ ಹಿಡಿದುಕೊಂಡು ಬಂದಿದ್ದಳು. "ಮೇಡಂ, ಈ ಬಾಣ ಯಾಕೆ ಹಾಕವ್ರೆ? ಮೇಲೆ ಅಂತಾನಾ, ಕೆಳಗೆ ಅಂತಾನಾ?" ಅಂತ ಕೇಳಿದಳು. ನಾನು, "ಬಟ್ಟೆಯಲ್ಲಿ ಹಾಸು ಯಾವುದು, ಹೊಕ್ಕು ಯಾವುದು ಗೊತ್ತಾ ನಿಂಗೆ?" ಅಂದೆ. ನಕ್ಕುಬಿಟ್ಟಳು. "ಗೊತ್ತಿಲ್ದೆ ಏನು ಮೇಡಂ, ನಮ್ಮಜ್ಜಿ ಮಗ್ಗದ ಮೇಲೇ ಕೂತಿರ್ತಿದ್ಲು, ನಾನು ಕಂಡಿಗೆ ಸುತ್ತಿ ಕೊಡ್ತಿದ್ದೆ" ಅಂದಳು. "ಹಂಗಾದ್ರೆ ಆ ಬಾಣ ಹಾಸಿನ ಎಳೆ ಜೊತೆ ಹೋಗ್ಬೇಕು, ಅಷ್ಟೇನಮ್ಮಾ" ಅಂದೆ. ಅವಳು ಒಂದು ನಿಮಿಷ ಸುಮ್ಮನಿದ್ದು, "ಅಷ್ಟೇನಾ? ಅಷ್ಟು ಬರೆಯಾಕೆ ಏನಾಗಿತ್ತಂತೆ ಇವ್ರಿಗೆ?" ಅಂದಳು.

ನನ್ನ ಇಡೀ ಲೇಖನದ ಸಾರ ಆ ಒಂದು ಪ್ರಶ್ನೆಯಲ್ಲಿದೆ. ಅಷ್ಟು ಬರೆಯಲು ಏನಾಗಿತ್ತು?

ಹಾಸಿನ ಎಳೆ ಮಗ್ಗದ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ಎಳೆ. ಅದು ಗಟ್ಟಿ, ಹೆಚ್ಚು ಜಗ್ಗುವುದಿಲ್ಲ. ಬಟ್ಟೆಯ ಅಂಚಿಗೆ ಸಮವಾಗಿ ಉದ್ದಕ್ಕೆ ಹೋಗುತ್ತದೆ. ಹೊಕ್ಕು ಅಡ್ಡ ಹೋಗುವ ಎಳೆ, ಸ್ವಲ್ಪ ಜಗ್ಗುತ್ತದೆ. ಇವೆರಡಕ್ಕೂ ಓರೆಯಾಗಿ ಹಿಡಿದು ಎಳೆದರೆ ಬಟ್ಟೆ ಎಲ್ಲಕ್ಕಿಂತ ಹೆಚ್ಚು ಜಗ್ಗುತ್ತದೆ. ಕೊರಳಿನ ದುಂಡಗಿನ ಅಂಚಿಗೆ ಹಾಕುವ ಪಟ್ಟಿಯನ್ನು ಓರೆಯಾಗಿಯೇ ಕತ್ತರಿಸುವುದು ಇದೇ ಕಾರಣಕ್ಕೆ, ಬಾಗಿದಲ್ಲಿ ಬಾಗಲಿ ಅಂತ. ಬಾಣ ತಪ್ಪಿದರೆ ರವಿಕೆ ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ಹಾಸುಹೊಕ್ಕು ಎನ್ನುವ ಮಾತನ್ನು ಭಾಷಣ ಮಾಡುವವರೆಲ್ಲ ಬಳಸುತ್ತಾರೆ. ಧರ್ಮಾವರದ ಪಟ್ಟು ಸೀರೆ ನೇಯುವ ಜಿಲ್ಲೆ ನಮ್ಮದು, ಹಿಂದೂಪುರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ ಇದೆ. ತೆಲುಗಿನಲ್ಲಿ ಪಡುಗು ಪೇಕ ಎಂದರೆ ಇಲ್ಲಿ ಮಗ್ಗ ಕಂಡ ಯಾರಿಗಾದರೂ ಅರ್ಥವಾಗುತ್ತದೆ. ಇಂಥ ಊರಿನಲ್ಲಿ ಮಾರುವ ಕಾಗದದ ಮೇಲೆ 'ಗ್ರೇನ್' ಎಂದು ಇಂಗ್ಲಿಷಿನಲ್ಲಿ ಬರೆದು, ಅದನ್ನೂ ಕೆಲವು ಸಲ ಬರೆಯದೆ, ಬರೀ ಬಾಣ ಬಿಡುತ್ತಾರೆ! ಹುಡುಗಿಗೆ ವಿಷಯ ಗೊತ್ತು. ಗೊತ್ತಿರುವ ವಿಷಯವನ್ನೇ ಅವಳಿಗೆ ಗೊತ್ತಿಲ್ಲದಂತೆ ಮಾಡುವ ಜಾಣತನ ಇದು.

ಕಾಗದ ಬೇಡ, ಪುಸ್ತಕ ನೋಡಿ ಕಲಿಯಲಿ ಎನ್ನುವವರಿದ್ದಾರೆ. ಸರಿ, ಅದನ್ನೂ ನೋಡೋಣ. ಕಂಕುಳ ಆಳಕ್ಕೆ, ಅಂದರೆ ಭುಜದಿಂದ ಕಂಕುಳವರೆಗಿನ ಅಳತೆಗೆ, ಹೊಲಿಗೆ ಕಲಿಸುವವರು ಬೇರೆಬೇರೆ ಸೂತ್ರ ಹೇಳುತ್ತಾರೆ. ಒಬ್ಬರು ಎದೆ ಸುತ್ತನ್ನು ಆರರಿಂದ ಭಾಗಿಸಿ ಒಂದು ಇಂಚು ಕೂಡಿಸು ಎನ್ನುತ್ತಾರೆ. ಇನ್ನೊಬ್ಬರು ನಾಲ್ಕರಿಂದ ಭಾಗಿಸಿ ಒಂದೂವರೆ ಇಂಚು ಕಳೆ ಎನ್ನುತ್ತಾರೆ. ಎದೆ ಸುತ್ತು 30 ಇದ್ದರೆ ಮೊದಲ ಸೂತ್ರದಲ್ಲಿ 5ಕ್ಕೆ 1 ಕೂಡಿ 6. ಎರಡನೇ ಸೂತ್ರದಲ್ಲಿ ಏಳೂವರೆಯಲ್ಲಿ ಒಂದೂವರೆ ಕಳೆದು 6. ಎರಡೂ ಒಂದೇ! ಈಗ 36 ಇಟ್ಟು ನೋಡಿ. ಮೊದಲನೆಯದು 7, ಎರಡನೆಯದು ಏಳೂವರೆ. 42 ಇಟ್ಟರೆ ಮೊದಲನೆಯದು 8, ಎರಡನೆಯದು 9. ಒಂದು ಇಂಚು ವ್ಯತ್ಯಾಸ!

ಇದನ್ನು ಎಂಟನೇ ತರಗತಿಯ ಸಮೀಕರಣದ ಪಾಠದಲ್ಲಿ ಬೋರ್ಡಿನ ಮೇಲೆ ಬಿಡಿಸಬಹುದು. ಎರಡು ಸೂತ್ರವನ್ನು ಸಮ ಮಾಡಿದರೆ ಎದೆ ಸುತ್ತಿನ ಹನ್ನೆರಡನೇ ಒಂದು ಭಾಗ ಎರಡೂವರೆ ಎಂದು ಬರುತ್ತದೆ, ಅಂದರೆ 30. ಎರಡೂ ಸೂತ್ರ ಕೂಡುವುದು 30ರಲ್ಲಿ ಮಾತ್ರ. ಅಲ್ಲಿಂದ ಮೇಲಕ್ಕೆ ಹೋದಷ್ಟೂ ದೂರವಾಗುತ್ತವೆ. ಕಲಿಸುವಾಗ ತೆಳ್ಳಗಿನ ಹುಡುಗಿಯ ಅಳತೆ ಇಟ್ಟು ಕಲಿಸಿದರೆ ಯಾವ ಸೂತ್ರದಲ್ಲೂ ರವಿಕೆ ಸರಿಯಾಗಿಯೇ ಬರುತ್ತದೆ. ಕಲಿತವಳು ಮನೆಗೆ ಹೋಗಿ ಅತ್ತೆಗೋ ಅಮ್ಮನಿಗೋ ಹೊಲಿದಾಗ ಕಂಕುಳು ಬಿಗಿಯುತ್ತದೆ, ಇಲ್ಲಾ ಜೋಲುತ್ತದೆ. ಆಗ "ಎಷ್ಟು ಕಲಿಸಿದರೂ ಇಷ್ಟೇ" ಎನ್ನುತ್ತಾರೆ. ಸೂತ್ರ ಎಲ್ಲಿಂದ ಎಲ್ಲಿಯವರೆಗೆ ನಡೆಯುತ್ತದೆ ಎಂದು ಹೇಳದೆ ಸೂತ್ರ ಕೊಡುವುದು ಯಾವ ಪಾಠ?

ಇನ್ನು ಫೋನಿನಲ್ಲಿ ನೋಡಿ ಕಲಿಯುವ ಕಾಲ ಇದು ಎನ್ನುತ್ತಾರೆ. ವಿಡಿಯೋಗಳಲ್ಲಿ ಒಳ್ಳೆಯವೂ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಬಹಳಷ್ಟರಲ್ಲಿ "ಇಲ್ಲಿ ಸುಮಾರಾಗಿ ಇಷ್ಟು ಬಿಡಿ" ಎನ್ನುತ್ತಾ ಕೈ ಮುಂದೆ ಹೋಗಿಬಿಟ್ಟಿರುತ್ತದೆ. ಸುಮಾರು ಎಂದರೆ ಎಷ್ಟು ಎಂದು ಕೇಳಲು ಆ ಕಡೆ ಯಾರೂ ಇಲ್ಲ. ಫೋನಿಗೆ ಬಂದ ಪ್ಯಾಟರ್ನನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸುವುದೂ ಈಗ ಉಂಟು. ಅಲ್ಲಿ ಇನ್ನೊಂದು ಅನಾಹುತ. ಹಾಳೆಗೆ ಹೊಂದಲಿ ಎಂದು ಯಂತ್ರವೇ ಅಳತೆಯನ್ನು ನೂರಕ್ಕೆ ತೊಂಬತ್ತೈದು ಮಾಡಿಬಿಟ್ಟರೆ 36 ಇದ್ದದ್ದು 34.2 ಆಗುತ್ತದೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಮೂಲೆಯಲ್ಲಿ ಒಂದು ಇಂಚಿನ ಚೌಕ ಬರೆದು 'ಇದನ್ನು ಸ್ಕೇಲಿಟ್ಟು ಅಳೆಯಿರಿ, ಸರಿಯಾಗಿ ಒಂದು ಇಂಚು ಇಲ್ಲದಿದ್ದರೆ ಕತ್ತರಿಸಬೇಡಿ' ಎಂದು ಬರೆದರೆ ಮುಗಿಯಿತು. ಕಾಳಜಿ ಇರುವವರು ಆ ಚೌಕ ಹಾಕುತ್ತಾರೆ. ಪುಗಸಟ್ಟೆ ಹಂಚುವವರು ಹಾಕುವುದಿಲ್ಲ.

ಇದೆಲ್ಲ ಎಲ್ಲ ಕಡೆಯೂ ಹೀಗೇ ಇದೆಯೇ? ಸ್ವಲ್ಪ ಚರಿತ್ರೆ ಹೇಳುತ್ತೇನೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಟರ್ಲಿಂಗ್ ಎಂಬ ಊರಿನಲ್ಲಿ ಎಬೆನೆಜರ್ ಬಟರಿಕ್ ಎಂಬ ದರ್ಜಿಯೊಬ್ಬ 1863ರಲ್ಲಿ ಬೇರೆಬೇರೆ ಸೈಜಿನ ಕಾಗದದ ಪ್ಯಾಟರ್ನುಗಳನ್ನು ಮಾರಲು ಶುರುಮಾಡಿದ. ಅದಕ್ಕೆ ಮುಂಚೆ ಸಿಗುತ್ತಿದ್ದವು ಸಾಮಾನ್ಯವಾಗಿ ಒಂದೇ ಸೈಜಿನವು, ದೊಡ್ಡದು ಚಿಕ್ಕದು ಮಾಡಿಕೊಳ್ಳುವ ಕಷ್ಟ ಹೊಲಿಯುವ ಹೆಂಗಸಿನದು. ಅವನ ಕಾಗದಗಳ ಮೇಲೂ ಮೊದಮೊದಲು ಅಕ್ಷರ ಇರಲಿಲ್ಲ, ತೆಳು ಹಾಳೆಯಲ್ಲಿ ತೂತುಗಳೂ ಕಚ್ಚುಗಳೂ ಮಾತ್ರ. ಕೊಂಡವರು ಒದ್ದಾಡಿದರು. ಮುಂದಿನ ಅರವತ್ತು ವರ್ಷಗಳಲ್ಲಿ ಕಾಗದದ ಮೇಲೆ ಗೆರೆ, ಹೆಸರು, ಸೂಚನೆ ಅಚ್ಚಾದವು. ಹೊಲಿಯುವ ಕ್ರಮ ತಿಳಿಸುವ ಬೇರೆ ಹಾಳೆಯೂ ಪೊಟ್ಟಣದೊಳಗೆ ಬಂತು. ಅಲ್ಲಿನ ದೊಡ್ಡ ಪ್ಯಾಟರ್ನ್ ಕಂಪನಿಗಳ ಹೊಲಿಗೆ ಮಾರ್ಜಿನ್ ಇಂಚಿನ ಎಂಟರಲ್ಲಿ ಐದು ಭಾಗ ಎಂದು ವಾಡಿಕೆಯಾಯಿತು. ಜರ್ಮನಿಯಲ್ಲಿ 1950ರಲ್ಲಿ ಶುರುವಾದ ಬುರ್ಡಾ ಪತ್ರಿಕೆಯವರು ಇದಕ್ಕೆ ಉಲ್ಟಾ. ಒಂದೇ ಹಾಳೆಯ ಮೇಲೆ ಹತ್ತಾರು ಪ್ಯಾಟರ್ನುಗಳ ಗೆರೆ ಒಂದರ ಮೇಲೊಂದು, ನೋಡಿದರೆ ರೈಲ್ವೆ ಭೂಪಟದ ಹಾಗೆ. ಮಾರ್ಜಿನ್ ಸೇರಿಸಿರುವುದಿಲ್ಲ, ನೀವೇ ಸೇರಿಸಿಕೊಳ್ಳಬೇಕು. ಅಲ್ಲಿನ ಹೊಸಬರೂ ಇವನ್ನು ನೋಡಿ ತಲೆ ಕೆರೆದುಕೊಳ್ಳುತ್ತಾರೆ. ಆದರೆ ಒಂದು ವ್ಯತ್ಯಾಸವಿದೆ. ಸೇರಿಸಿದ್ದೇವೋ ಇಲ್ಲವೋ ಎಂದು ಅವರು ಬರೆಯುತ್ತಾರೆ. ಓದಿಕೊಂಡರೆ ಗೊತ್ತಾಗುತ್ತದೆ. ನಮ್ಮಲ್ಲಿ ಓದಲು ಏನೂ ಇಲ್ಲ. ನಮ್ಮ ಪೊಟ್ಟಣ ಇನ್ನೂ ಬಟರಿಕ್‌ನ ತೂತಿನ ಕಾಗದದ ಕಾಲದಲ್ಲೇ ನಿಂತಿದೆ.

ಇದನ್ನು ಬರೆಯಲು ಹಣ ಖರ್ಚಾಗುತ್ತದೆಯೇ? ಹಿಂಬದಿ ಖಾಲಿ ಇರುವ ಕಾಗದಕ್ಕೆ ನಾಲ್ಕು ಸಾಲು ಅಚ್ಚು ಹಾಕಲು ಎಷ್ಟು ಮಹಾ ಖರ್ಚು? ಆದರೂ ಯಾಕೆ ಬರೆಯುವುದಿಲ್ಲ ಎಂದರೆ ನನ್ನ ಉತ್ತರ ಇದು: ಯಾರೂ ಕೇಳುವುದಿಲ್ಲ. ಬಿಸ್ಕತ್ತಿನ ಪೊಟ್ಟಣದ ಮೇಲೆ ತೂಕ ಎಷ್ಟು, ಬೆಲೆ ಎಷ್ಟು, ತಯಾರಿಸಿದವರು ಯಾರು, ದೂರು ಕೊಡಬೇಕಾದರೆ ಯಾರಿಗೆ ಎಂದು ಬರೆಯಲೇಬೇಕು, 2011ರ ಪೊಟ್ಟಣ ಸಾಮಗ್ರಿಗಳ ನಿಯಮ ಹಾಗೆ ಹೇಳುತ್ತದೆ. ತೂಕ ಕಡಿಮೆ ಬಂದರೆ ದೂರು ಕೊಡಬಹುದು. ಅಳತೆಯನ್ನೇ ಮಾರುವ ಈ ಪೊಟ್ಟಣದಲ್ಲಿ ಅಳತೆ ಯಾವುದರದು ಎಂದು ಹೇಳದಿದ್ದರೆ ಮಾತ್ರ ಕೇಳುವವರಿಲ್ಲ. ಹಾಳಾಗುವುದು ಕಾಗದವಲ್ಲ, ಬಟ್ಟೆ. ಸೀರೆಯ ಜೊತೆ ಬಂದ ರವಿಕೆ ತುಂಡು ಒಂದೇ ಇರುತ್ತದೆ. ತಪ್ಪಿ ಕತ್ತರಿಸಿದರೆ ಅದೇ ಬಣ್ಣ, ಅದೇ ಅಂಚು ಮತ್ತೆ ಎಲ್ಲಿಂದ ತರುವುದು? ಅಗ್ಗದ ಕಾಗದಕ್ಕೆ ಇಷ್ಟು ಮಾತೇಕೆ ಎನ್ನುವವರು ಆ ತುಂಡನ್ನು ನೆನಪಿಟ್ಟುಕೊಳ್ಳಲಿ.

ಇಷ್ಟಕ್ಕೂ ಒಂದು ರವಿಕೆ ಕೆಟ್ಟರೆ ಲೋಕ ಮುಳುಗುವುದೇ ಎಂದು ಕೇಳಬಹುದು. ಇಲ್ಲಿಯೇ ನನ್ನ ನಿಜವಾದ ಸಂಕಟ ಇರುವುದು. ಕಲ್ಯಾಣದುರ್ಗದ ಪಕ್ಕದ ರಾಯದುರ್ಗ ಜೀನ್ಸ್ ಹೊಲಿಗೆಗೆ ಹೆಸರಾದ ಊರು, ಬಳ್ಳಾರಿಯ ಹಾಗೆ. ಹಿಂದೂಪುರದ ಕಡೆಯ ಹೆಣ್ಣುಮಕ್ಕಳಿಗೆ ಗಾರ್ಮೆಂಟ್ಸ್ ಕೆಲಸ ಹೊಸದಲ್ಲ. ಗೌರಿಬಿದನೂರು ದಾಟಿದರೆ ದೊಡ್ಡಬಳ್ಳಾಪುರ, ಅಲ್ಲಿ ಅಪಾರೆಲ್ ಪಾರ್ಕೇ ಇದೆ. ಅಲ್ಲೆಲ್ಲ ಕೆಲಸ ಹೇಗೆ ಹಂಚಿರುತ್ತದೆ ಗೊತ್ತೇ? ಒಬ್ಬಳು ಬರೀ ಜೇಬು ಕೂರಿಸುತ್ತಾಳೆ, ಇನ್ನೊಬ್ಬಳು ಬರೀ ಜಿಪ್ಪು, ಮತ್ತೊಬ್ಬಳು ಬರೀ ಕಾಜಾ. ಕತ್ತರಿಸುವವನು ಬೇರೆ, ಅವನು ಕಟಿಂಗ್ ಮಾಸ್ಟರ್. ಹೊಲಿಯುವವಳು ಹತ್ತು ವರ್ಷ ಹೊಲಿದರೂ ಒಂದು ಪ್ಯಾಂಟು ಪೂರ್ತಿ ಹೇಗೆ ಹುಟ್ಟುತ್ತದೆ ಎಂದು ತಿಳಿಯದೆ ಇರಬಹುದು. ಕೂಲಿಯಲ್ಲಿ ವ್ಯತ್ಯಾಸ ಬರುವುದು ಅಲ್ಲಿಯೇ. ಊರಿನ ಟೈಲರ್ ಅಂಗಡಿಯಲ್ಲೂ ಅಷ್ಟೇ, ಯಜಮಾನ ಕತ್ತರಿಸುತ್ತಾನೆ, ಹುಡುಗಿಯರು ಹೊಲಿಯುತ್ತಾರೆ. ಕತ್ತರಿ ಹಿಡಿದವನು ಯಜಮಾನ, ಪೆಡಲು ತುಳಿದವಳು ಆಳು.

ಹಾಗಾಗಿ ಪ್ಯಾಟರ್ನ್ ಓದಲು ಬರುವುದೆಂದರೆ ಬರೀ ಚೆಂದದ ರವಿಕೆ ತೊಡುವ ಆಸೆಯ ಮಾತಲ್ಲ. ಆಳಾಗಿ ಉಳಿಯುವುದೋ, ಮನೆ ಬಾಗಿಲಲ್ಲೇ ಒಂದು ಬೋರ್ಡು ಹಾಕಿಕೊಂಡು ಕೂರುವುದೋ ಎನ್ನುವ ಪ್ರಶ್ನೆ. ಸಾಕ್ಷರತೆ ಎಂದರೆ ಅಕ್ಷರ ಮಾತ್ರವೇ? ನಕ್ಷೆ ಓದುವುದೂ ಸಾಕ್ಷರತೆ, ಪ್ಯಾಟರ್ನ್ ಓದುವುದೂ ಸಾಕ್ಷರತೆ.

ಸರ್ಕಾರಗಳು ಏನು ಮಾಡುತ್ತಿವೆ? ಮಿಷನ್ ಕೊಡುತ್ತಿವೆ! 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಶುರುಮಾಡಿದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ, ದರ್ಜಿ ಕೆಲಸವೂ ಒಂದು. ಸಲಕರಣೆಗೆ 15,000 ರೂಪಾಯಿ, ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಮೊದಲ ಹಂತದ ತರಬೇತಿ 5ರಿಂದ 7 ದಿನ. ಆಂಧ್ರ ಸರ್ಕಾರವೂ 2025ರಲ್ಲಿ ಹಿಂದುಳಿದ ವರ್ಗಗಳ ಹೆಣ್ಣುಮಕ್ಕಳಿಗೆ ಹೊಲಿಗೆ ತರಬೇತಿ, ಉಚಿತ ಮಿಷನ್ ಎಂದು ಯೋಜನೆ ತಂದಿತು. ಒಳ್ಳೆಯದೇ, ನಾನು ಬೇಡ ಎನ್ನುವವಳಲ್ಲ. ಆದರೆ ಮಿಷನ್ ಎಂದರೆ ಕಸುಬಲ್ಲ. ಪೆಡಲು ತುಳಿದು ನೇರ ಹೊಲಿಗೆ ಹಾಕುವುದನ್ನು ವಾರದಲ್ಲಿ ಕಲಿಯಬಹುದು. ಒಂದು ಮೈಯನ್ನು ಅಳೆದು, ಆ ಅಳತೆಯನ್ನು ಮಟ್ಟಸವಾದ ಬಟ್ಟೆಯ ಮೇಲೆ ಗೆರೆಯಾಗಿಸಿ, ಮತ್ತೆ ದುಂಡಗಿನ ಮೈಗೆ ಕೂರಿಸುವುದನ್ನು ವಾರದಲ್ಲಿ ಕಲಿಸುವವರಿದ್ದರೆ ನನಗೆ ತೋರಿಸಿ, ಕಾಲಿಗೆ ಬೀಳುತ್ತೇನೆ. ತರಬೇತಿ ಮುಗಿದ ಮೇಲೆ ಅವಳ ಜೊತೆ ಉಳಿಯುವುದು ಆ ಮೂಕ ಕಾಗದವೇ. ಅದು ಬಾಯಿ ಬಿಡದಿದ್ದರೆ ಮಿಷನ್ ಮೂಲೆ ಸೇರುತ್ತದೆ, ಅದರ ಮೇಲೆ ಒಗೆದ ಬಟ್ಟೆಯ ರಾಶಿ ಕೂರುತ್ತದೆ.

"ನಮ್ಮ ಕಾಲದಲ್ಲಿ ಕಾಗದವೂ ಇಲ್ಲ ಏನೂ ಇಲ್ಲ, ಗುರುವಿನ ಪಕ್ಕ ಕೂತು ಗುಂಡಿ ಹಾಕುತ್ತಾ ಹಾಕುತ್ತಾ ಕಲಿತೆವು" ಎಂದು ಹಳೆಯ ಟೈಲರುಗಳು ಹೇಳುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ, ಕೈಕೆಲಸ ಕೈಯಿಂದಲೇ ಬರಬೇಕು. ಆದರೆ ಅವರು ಕಲಿತಿದ್ದು ವರ್ಷಗಟ್ಟಲೆ ಅಂಗಡಿಯಲ್ಲಿ ಕೂತು. ಬೆಳಿಗ್ಗೆ ಅಡುಗೆ, ಆಮೇಲೆ ಹೊಲ, ಸಂಜೆ ಹಸು, ಮಧ್ಯೆ ಮಗು, ಇವುಗಳ ನಡುವೆ ಒಂದು ಗಂಟೆ ಸಿಕ್ಕರೆ ಹೆಚ್ಚು ಎನ್ನುವ ಹೆಂಗಸು ಯಾವ ಅಂಗಡಿಯಲ್ಲಿ ಐದು ವರ್ಷ ಕೂರಬೇಕು? ಹಾಗೆ ಕೂರಲಾರದವರಿಗೆಂದೇ ಅಲ್ಲವೇ ಈ ಕಾಗದ ಹುಟ್ಟಿದ್ದು? ಗುರು ಇಲ್ಲದವರಿಗೆ ಮಾರುವ ಕಾಗದ ಗುರುವಿನ ಕೆಲಸ ಮಾಡಲೇಬೇಕು.

"ಎಲ್ಲಾ ನಿಮ್ಮ ಕನ್ನಡ ಮೀಡಿಯಂನಿಂದ ಆದದ್ದು, ಇಂಗ್ಲಿಷ್ ಓದಿದ್ದರೆ ಈ ತೊಂದರೆ ಇತ್ತೇ?" ಎಂದು ಕೇಳುವವರೂ ಸಿಕ್ಕುತ್ತಾರೆ. ಇವರಿಗೆ ಎರಡು ಉತ್ತರ. ಮೊದಲನೆಯದು, ಎಂಎ ಇಂಗ್ಲಿಷ್ ಓದಿದವರ ಮುಂದೆ ಆ ಕಾಗದ ಇಡಿ. ಬಾಣಕ್ಕೂ ತ್ರಿಕೋನಕ್ಕೂ ಯಾವ ಮೀಡಿಯಂ ಸ್ವಾಮಿ? ತೆಲುಗು ಮಾಧ್ಯಮದ ಹುಡುಗಿಯೂ ಅದರ ಮುಂದೆ ಇಷ್ಟೇ ಒದ್ದಾಡುತ್ತಾಳೆ. ಇದು ಕನ್ನಡ ತೆಲುಗಿನ ಜಗಳವೇ ಅಲ್ಲ. ಎರಡನೆಯದು, ನಮ್ಮ ಮಕ್ಕಳಿಗೆ ಭಾಷೆಯ ಬಡತನವಿಲ್ಲ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಪಕ್ಕದ ಬೀದಿಯಲ್ಲಿ ಉರ್ದು, ಎಲ್ಲವನ್ನೂ ಆಡುತ್ತಾರೆ. ಇಷ್ಟು ಭಾಷೆ ಬಲ್ಲವಳಿಗೂ ಅರ್ಥವಾಗದ ಹಾಗೆ ಬರೆದವನದು ಯಾವ ಜಾಣತನ? ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕು ಎಂದು 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿದರು. ಆ ವಿಧಿಯ ನೆರಳಿನಲ್ಲೇ ಗಡಿಯ ಈಚೆ ಕನ್ನಡ ಶಾಲೆಗಳು ಉಸಿರಾಡುತ್ತಿವೆ. ಶಾಲೆ ಮುಗಿದ ಮರುದಿನದಿಂದ ಆ ಭಾಷೆಗೆ ಬದುಕಿನಲ್ಲಿ ಜಾಗವೇ ಇಲ್ಲದಿದ್ದರೆ ಅಪ್ಪ ಅಮ್ಮ ಯಾವ ಧೈರ್ಯದಿಂದ ಮಗುವನ್ನು ನಮ್ಮ ಶಾಲೆಗೆ ಕಳಿಸುತ್ತಾರೆ? ಕನ್ನಡ ಶಾಲೆಗಳು ಉಳಿಯಬೇಕು ಎಂದು ವೇದಿಕೆಯ ಮೇಲೆ ಗಂಟಲು ಹರಿದುಕೊಳ್ಳುವ ಮಹನೀಯರು ಹೊಲಿಗೆಯ ಮೇಲೆ, ಮೋಟಾರು ರಿಪೇರಿಯ ಮೇಲೆ ಸರಳ ಕನ್ನಡದಲ್ಲಿ ಹತ್ತು ಪುಟ ಬರೆದುಕೊಟ್ಟರೆ ದೊಡ್ಡ ಉಪಕಾರ.

ನಮ್ಮ ಇಲಾಖೆಯ ಪಾಲೂ ಇದರಲ್ಲಿದೆ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮೂಲ ಶಿಕ್ಷಣದ ಮಾತೆತ್ತಿದಾಗ ಕೈಕೆಲಸವೇ ಪಾಠದ ನಡುವಿನಲ್ಲಿರಬೇಕು ಎಂದರು. ತಕಲಿಯಲ್ಲಿ ನೂಲುತ್ತಲೇ ಲೆಕ್ಕ ಕಲಿಯಬೇಕು ಎಂದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗೆ ಕಲೆ, ದೈಹಿಕ ಶಿಕ್ಷಣ, ಕಾರ್ಯಾನುಭವಗಳಿಗೆ ಅರೆಕಾಲಿಕ ಬೋಧಕರು ಬೇಕು ಎಂದಿದೆ. ಗಡಿ ಹಳ್ಳಿಯ ಕನ್ನಡ ಶಾಲೆಯಲ್ಲಿ ನೂರು ಮಕ್ಕಳು ಎಲ್ಲಿಂದ ಬರಬೇಕು? ಆ ನಿಯಮದ ಹೊಸ್ತಿಲೇ ನಮಗೆ ಎತ್ತರ. 2020ರ ಹೊಸ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹತ್ತು ದಿನ ಚೀಲವಿಲ್ಲದ ದಿನ, ಊರಿನ ಕಸುಬುದಾರರ ಹತ್ತಿರ ಕಲಿಕೆ ಎನ್ನುತ್ತದೆ. ಚೆನ್ನಾಗಿದೆ. ಆ ಹತ್ತರಲ್ಲಿ ಒಂದು ದಿನ ಊರಿನ ಟೈಲರನ್ನು ಶಾಲೆಗೆ ಕರೆಯಿರಿ. ಹುಡುಗಿಯರನ್ನು ಮಾತ್ರವಲ್ಲ, ಹುಡುಗರನ್ನೂ ಕೂರಿಸಿ. ಹಳೆಯ ದಿನಪತ್ರಿಕೆ ಹರಡಿ ಒಂದು ಅಂಗಿಯ ಪ್ಯಾಟರ್ನ್ ಕತ್ತರಿಸಲಿ. ಭಿನ್ನರಾಶಿ, ಸಮ್ಮಿತಿ, ಅನುಪಾತ, ಸಮೀಕರಣ ಎಲ್ಲ ಅಲ್ಲೇ ನೆಲದ ಮೇಲೆ ಬಿದ್ದಿರುತ್ತವೆ. "ಗಣಿತ ಬರದವರು ಹೊಲಿಗೆಗೆ ಹೋಗಲಿ" ಎನ್ನುವ ಮೇಷ್ಟ್ರುಗಳೂ ಅವತ್ತು ಬಂದು ಕೂರಲಿ. ಹೊಲಿಗೆಯಲ್ಲಿರುವಷ್ಟು ಗಣಿತ ಎಷ್ಟೋ ಪದವಿಗಳಲ್ಲಿಲ್ಲ ಎಂದು ಅವರಿಗೂ ತಿಳಿಯಲಿ.

ಕಾಗದ ಮಾರುವವರಿಗೆ ನನ್ನ ಬೇಡಿಕೆ ದೊಡ್ಡದಲ್ಲ. ನಂಬರು ಮೈಯದೋ ಉಡುಪಿನದೋ ಹೇಳಿ. ಮಾರ್ಜಿನ್ ಸೇರಿದೆಯೋ ಇಲ್ಲವೋ, ಸೇರಿದ್ದರೆ ಎಷ್ಟು ಎಂದು ಹೇಳಿ. ಬಾಣದ ಪಕ್ಕದಲ್ಲಿ 'ಹಾಸಿನ ಎಳೆ' ಎಂದು ಬರೆಯಿರಿ. ತುಂಡು ಎಷ್ಟು, ಮಡಿಸಬೇಕೋ ಬೇಡವೋ ಹೇಳಿ. ಒಂದು ಇಂಚಿನ ಚೌಕ ಹಾಕಿ. ಹೊಲಿಯುವ ಕ್ರಮವನ್ನು ಒಂದು, ಎರಡು, ಮೂರು ಎಂದು ಬರೆಯಿರಿ. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬರೆದರೆ ನಿಮ್ಮ ವ್ಯಾಪಾರವೂ ಮೂರು ಪಟ್ಟಾದೀತು. ತರಬೇತಿ ಕೊಡುವ ಸರ್ಕಾರಗಳು ಮಿಷನ್ ಜೊತೆಗೆ ಇಂಥ ಒಂದು ಪ್ಯಾಟರ್ನ್ ಕಟ್ಟು ಕೊಡಲಿ, ಮಿಷನ್ನಿನ ಖರ್ಚಿನ ಮುಂದೆ ಅದು ಏನೇನೂ ಅಲ್ಲ.

ಅಲ್ಲಿಯವರೆಗೆ ಕೊಳ್ಳುವ ಅಕ್ಕತಂಗಿಯರಿಗೆ ಒಂದು ಮಾತು. ಪೊಟ್ಟಣ ಕೈಗೆ ಬಂದ ಕೂಡಲೇ ಒಳ್ಳೆ ಬಟ್ಟೆಗೆ ಕತ್ತರಿ ಹಾಕಬೇಡಿ. ನಿಮಗೆ ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ಬಿಚ್ಚಿ, ಇಸ್ತ್ರಿ ಮಾಡಿ, ಆ ತುಂಡುಗಳನ್ನು ಕಾಗದದ ಮೇಲಿಟ್ಟು ನೋಡಿ. ಬಿಚ್ಚಿದ ತುಂಡಿನಲ್ಲಿ ಹಳೆಯ ಹೊಲಿಗೆಯ ಗೆರೆ ಕಾಣುತ್ತದೆ, ಕಾಗದದ ಅಂಚು ಆ ಗೆರೆಗೆ ಬರುತ್ತದೋ ಬಟ್ಟೆಯ ಅಂಚಿಗೆ ಬರುತ್ತದೋ ನೋಡಿದರೆ ಮಾರ್ಜಿನ್ ಗುಟ್ಟು ಅಲ್ಲೇ ಬಯಲಾಗುತ್ತದೆ. ಮೊದಲು ಹಳೆಯ ಪಂಚೆಯಲ್ಲೋ ಸೀರೆಯಲ್ಲೋ ಕತ್ತರಿಸಿ ನೋಡಿ. ಆಮೇಲೂ ಸರಿಬರದಿದ್ದರೆ ಕಾಗದವನ್ನು ತೆಗೆದುಕೊಂಡು ಹೋಗಿ ಅಂಗಡಿಯವರ ಮುಂದೆ ಹರಡಿ, ಈ ಬಾಣ ಏನು, ಈ ತ್ರಿಕೋನ ಏನು, ಮಾರ್ಜಿನ್ ಎಲ್ಲಿದೆ ಎಂದು ಕೇಳಿ. ನಾಚಿಕೆ ಬೇಡ. ದುಡ್ಡು ಕೊಟ್ಟು ಕೊಂಡವರು ನೀವು. ಹತ್ತು ಜನ ಹೀಗೆ ಕೇಳಿದರೆ ಹನ್ನೊಂದನೆಯವಳು ಕೊಳ್ಳುವ ಪೊಟ್ಟಣದಲ್ಲಿ ನಾಲ್ಕು ಸಾಲು ಅಚ್ಚಾಗಿ ಬರುತ್ತವೆ. ಏನಂತೀರಿ?